ಕಾದಂಬರಿ ಓದಿ ಹೊಲಿದ ಗೌನು

ಟೈಲರ್ ಮಾಸ್ಟ್ರಿಗೆ ಪುಸ್ತಕ ಅಂದರೆ ಭಯವೇನೂ ಇರಲಿಲ್ಲ. ಪುಸ್ತಕ ಓದಿದ ಹೆಂಡತಿ ಅಂದರೆ ಇತ್ತು. ಆ ಮಹಾತಾಯಿ ಪಕ್ಕದ ಬೀದಿಯ ವಾಚನಾಲಯದಲ್ಲಿ ಪುಸ್ತಕ ಕೊಡುವ, ವಾಪಸ್ ತೆಗೆದುಕೊಳ್ಳುವ, ವಾಪಸ್ ತರದವರ ಮರ್ಯಾದೆ ಕಳೆಯುವ ಕೆಲಸದಲ್ಲಿದ್ದಳು. ಹಾಗಾಗಿ ಮನೆಯಲ್ಲಿ ಇದ್ದದ್ದು ಗಂಡ ಹೆಂಡತಿ ಇಬ್ಬರೇ ಆದರೂ ಜನಸಂಖ್ಯೆ ವಿಪರೀತ. ಉಪ್ಪಿನ ಡಬ್ಬಿ ಕಾಣದಿದ್ದರೆ ಅವಳ ಮಾತಿನಲ್ಲಿ ಯಾವನೋ ಪತ್ತೇದಾರ ಬರುತ್ತಿದ್ದ, ನಲ್ಲಿಯಲ್ಲಿ ನೀರು ನಿಂತರೆ ಮರಳುಗಾಡಿನ ಯಾವಳೋ ರಾಣಿ ಬರುತ್ತಿದ್ದಳು. ಮಾಸ್ಟ್ರು ಕೊಂಚ ಹೊತ್ತು ಸುಮ್ಮನೆ ಕೂತರೆ, "ನಿಮ್ಮಂಥವನೇ ಒಬ್ಬ ಇದ್ದ, ನಾಲ್ಕನೇ ಅಧ್ಯಾಯದಲ್ಲೇ ಸತ್ತ" ಎಂದು ಅಡುಗೆಮನೆಯಿಂದ ಕೇಳಿಬರುತ್ತಿತ್ತು.

ವಾಚನಾಲಯದಲ್ಲಿ ವರ್ಷಕ್ಕೊಮ್ಮೆ 'ಪಾತ್ರಗಳ ದಿನ' ಅಂತ ಒಂದು ಸಂಭ್ರಮ. ಓದುಗರೆಲ್ಲ ತಮಗಿಷ್ಟವಾದ ಪುಸ್ತಕದಿಂದ ಒಂದು ಪಾತ್ರದ ವೇಷ ಹಾಕಿಕೊಂಡು ಬಂದು ಒಂದು ದೃಶ್ಯ ಆಡಿ ತೋರಿಸಬೇಕು. ಪುಸ್ತಕದಲ್ಲಿಲ್ಲದ್ದನ್ನು ಸೇರಿಸದೆ ಚೆನ್ನಾಗಿ ಆಡಿದವರಿಗೆ ಬಹುಮಾನ. ಇರುವೆಗೂ ದಾರಿ ಬಿಡುವ ಔಷಧಿ ಅಂಗಡಿಯವರು ಆವತ್ತು ಕಡಲ್ಗಳ್ಳರಾಗುತ್ತಿದ್ದರು. ಮಾತೇ ನಿಲ್ಲಿಸದ ಬಸ್ ಕಂಡಕ್ಟರು ಮೌನಿ ಸಂನ್ಯಾಸಿಯಾಗುತ್ತಿದ್ದರು (ಸಂನ್ಯಾಸಿ ಯಾಕೆ ಮೌನಿ ಎಂಬುದನ್ನು ಮೊದಲು ವಿವರವಾಗಿ ಹೇಳಿ). ಸಂಕಟ ಏನೆಂದರೆ, ಒಂದು ಪಾತ್ರಕ್ಕೆ ಒಬ್ಬರೇ. ಹೆಂಡತಿಯ ಪ್ರಾಣವೆಲ್ಲ ಇದ್ದದ್ದು ಒಂದು ದಪ್ಪ ಕಾದಂಬರಿಯ ನಾಯಕಿಯ ಮೇಲೆ. ಕಡಲ ದಂಡೆಯ ದೀಪದ ಗೋಪುರದಲ್ಲಿ ನೀಲಿ ಗೌನು ತೊಟ್ಟು, ಹಡಗು ಹತ್ತಿ ಹೋದ ಕಪ್ತಾನನಿಗಾಗಿ ಕಾದು ಕಾದು ಕೊರಗುವವಳು ಅವಳು. ಆ ಪಾತ್ರವನ್ನು ಪ್ರತಿವರ್ಷ ಹಲ್ಲಿನ ಡಾಕ್ಟರಮ್ಮ ಹೊಡೆದುಕೊಂಡು ಹೋಗುತ್ತಿದ್ದರು. ಈ ವರ್ಷ ಚೀಟಿ ಎತ್ತಿದಾಗ ಹೆಂಡತಿಯ ಹೆಸರು ಬಂತು. "ನಿಮ್ಮ ವೇಷ ಹೊತ್ತಿಗೆ ಸರಿಯಾಗಿ ಆಗದಿದ್ದರೆ ಚಿಂತೆ ಮಾಡಬೇಡಿ, ನನ್ನ ಗೌನು ಬ್ಯಾಗಲ್ಲಿ ತಂದಿರ್ತೀನಿ" ಎಂದು ಡಾಕ್ಟರಮ್ಮ ಹಲ್ಲು ಕೀಳುವ ಮುಂಚೆ ನಗುವ ಹಾಗೆ ನಕ್ಕಿದ್ದರು.

"ರೀ, ಗೌನು ನೀವೇ ಹೊಲಿಯಬೇಕು," ಎಂದಳು ಹೆಂಡತಿ.

"ಅದಕ್ಕೇನಂತೆ. ನಿನ್ನ ಅಳತೆ ನಿದ್ದೆಯಲ್ಲಿ ಕೇಳಿದ್ರೂ ಹೇಳ್ತೀನಿ."

"ಅಳತೆ ದೊಡ್ಡದಲ್ಲ. ಪುಸ್ತಕದಲ್ಲಿ ಹೇಗಿದೆಯೋ ಹಾಗೇ ಇರಬೇಕು. ಹೋದ ವರ್ಷ ಡಾಕ್ಟರಮ್ಮನ ಗೌನಿಗೆ ಜಿಪ್ಪು ಇತ್ತು. ಆ ಕಾಲದಲ್ಲಿ ಜಿಪ್ಪು ಎಲ್ಲಿತ್ತು ಅಂತ ಎಲ್ಲರೆದುರಿಗೆ ಕೇಳಿಬಿಟ್ಟಿದ್ದೆ. ಈಗ ನನ್ನ ಗೌನಲ್ಲಿ ಒಂದು ಗುಂಡಿ ಹೆಚ್ಚುಕಮ್ಮಿ ಆದ್ರೂ ಅವರು ಬಿಡ್ತಾರಾ?"

"ಬಿಡಲ್ಲ."

"ಅದಕ್ಕೇ, ಓದಿ ಹೊಲೀರಿ." ಹೀಗೆಂದು ಆ ಕಾದಂಬರಿಯನ್ನು ಹೊಲಿಗೆ ಯಂತ್ರದ ಮೇಲೆ ಧೊಪ್ಪನೆ ಇಟ್ಟು ಹೋದಳು.

ಮಾಸ್ಟ್ರು ಪುಸ್ತಕದ ದಪ್ಪವನ್ನು ಟೇಪಿನಲ್ಲಿ ಅಳೆದು ನೋಡಿದರು. ಅವರು ಜೀವಮಾನದಲ್ಲಿ ಕೊನೆವರೆಗೆ ಓದಿದ್ದ ಸಾಹಿತ್ಯವೆಂದರೆ ಯಂತ್ರದ ಜೊತೆ ಬಂದ ಕೈಪಿಡಿ. ಆದರೂ ಮೊದಲು ಹೆಂಡತಿಯ ಅಳತೆಗೇ ನೀಲಿ ಬಟ್ಟೆ ಕತ್ತರಿಸಿ, ಪುಟ ಹಾರದಂತೆ ಪುಸ್ತಕದ ಮೇಲೆ ಕತ್ತರಿ ಹೇರಿ, ಕಾಲರು ಎಲ್ಲಿದೆ, ತೋಳು ಎಷ್ಟುದ್ದ ಎಂದಷ್ಟೇ ಹುಡುಕಿಕೊಂಡು ಓದತೊಡಗಿದರು. ಕಾಲರು ಸಿಕ್ಕಿತು. ತೋಳೂ ಸಿಕ್ಕಿತು. ಅಷ್ಟರಲ್ಲಿ ಆ ನೀಲಿ ಗೌನಿನವಳು ಕಿಟಕಿಯಲ್ಲಿ ನಿಂತು ಒಂದು ಸಲ ಕೆಮ್ಮಿದಳು ನೋಡಿ, ಮಾಸ್ಟ್ರ ಕಾಲು ಪೆಡಲಿನ ಮೇಲೆ ಹಾಗೇ ನಿಂತುಬಿಟ್ಟಿತು.

ಅಲ್ಲಿಂದ ಮುಂದೆ ಅಂಗಡಿ ಕೆಟ್ಟಿತು. ವಕೀಲರ ಪ್ಯಾಂಟಿನ ಎರಡು ಕಾಲುಗಳೂ ಒಂದಾಗಿ ಹೊಲಿಗೆ ಬಿದ್ದು ಮತ್ತೆ ಬಿಚ್ಚಬೇಕಾಯಿತು. ಬಟ್ಟೆ ಕೇಳಲು ಬಂದವರಿಗೆ, "ಸ್ವಲ್ಪ ಇರಿ, ಹಡಗು ಬರೋ ಹಾಗಿದೆ" ಎಂದು ಉತ್ತರ ಸಿಗುತ್ತಿತ್ತು. ಹಡಗು ಬರಲಿಲ್ಲ. ಅವಳು ಸೊರಗುತ್ತಾ ಹೋದಳು. ಗೋಪುರದ ಕೆಳಗಿದ್ದ ಅವಳ ಅತ್ತೆ, ಸೊಸೆ ಸೊರಗಿದ್ದು ಊರವರಿಗೆ ಗೊತ್ತಾಗಬಾರದೆಂದು ಗೌನನ್ನು ಆಗಾಗ ಮೈಗೆ ತಕ್ಕಂತೆ ಒಳಕ್ಕೆ ಹಿಡಿದು ಹೊಲಿಯುತ್ತಿದ್ದಳು. ಅದನ್ನು ಓದಿ ಮಾಸ್ಟ್ರು ಸೂಜಿಗೆ ದಾರ ಪೋಣಿಸಿದರು. ಹೊಲಿಗೆಯವರ ಕಷ್ಟ ಹೊಲಿಗೆಯವರಿಗೇ ಗೊತ್ತು. ಆ ಮುದುಕಿ ಅಲ್ಲಿ ಒಂದು ಹೊಲಿಗೆ ಹಿಡಿದರೆ ಮಾಸ್ಟ್ರು ಇಲ್ಲಿ ಒಂದು ಹಿಡಿದರು. ಪುಸ್ತಕದಲ್ಲಿದ್ದ ಹಾಗೇ ಇರಬೇಕಲ್ಲ. ಸೊಂಟ ಹಿಡಿದರು, ಭುಜ ಹಿಡಿದರು, ತೋಳು ಹಿಡಿದರು. ಕೊನೇ ಅಧ್ಯಾಯಕ್ಕೆ ಮುಂಚೆ ವೈದ್ಯ ಬಂದು ನಾಡಿ ನೋಡಿ ಮಾತಾಡದೆ ಮೆಟ್ಟಿಲಿಳಿದು ಹೋದ. ಮಾಸ್ಟ್ರು ಕಣ್ಣೊರೆಸಿಕೊಂಡರು. ಮುಂದೆ ಮೈತುಂಬಿದರೆ ಬಿಚ್ಚಿ ಸಡಿಲ ಮಾಡಲಿ ಅಂತ ಯಾವ ದರ್ಜಿಯೂ ಒಳಗಡೆ ಒಂದಿಷ್ಟು ಬಟ್ಟೆ ಬಿಟ್ಟಿರುತ್ತಾನೆ. "ಇನ್ನೆಲ್ಲಿ ಮೈತುಂಬುತ್ತಾಳೆ, ಪಾಪ" ಎಂದು ನಿಟ್ಟುಸಿರಿಟ್ಟು, ಆ ಬಟ್ಟೆಯನ್ನು ಕತ್ತರಿಯಿಂದ ಕಚಕಚ ಕತ್ತರಿಸಿ ಎಸೆದುಬಿಟ್ಟರು.

ಹ್ಯಾಂಗರಿನಲ್ಲಿ ತೂಗುಹಾಕಿದ್ದ ಗೌನನ್ನು ನೋಡಿ ಹೆಂಡತಿಯ ಮುಖ ಅರಳಿತು. ಹಾಕಿ ನೋಡು ಅಂದರೆ ಒಪ್ಪಲಿಲ್ಲ. "ಆ ದಿನವೇ ಹಾಕ್ಕೋತೀನಿ. ಈಗಲೇ ಹಾಕಿದ್ರೆ ಅಳುವೆಲ್ಲ ಖರ್ಚಾಗಿಬಿಡುತ್ತೆ," ಎಂದಳು. ಇಷ್ಟು ವರ್ಷ ಆಸೆಪಟ್ಟವಳು, ಆ ಗೌನಿನ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ನೋಡಿ ಬಿಟ್ಟಳು. ಮಾಸ್ಟ್ರಿಗೆ ಹೆಮ್ಮೆಯಿಂದ ಎದೆಯುಬ್ಬಿತು.

ಪಾತ್ರಗಳ ದಿನ ಬೆಳಿಗ್ಗೆ ಹೆಂಡತಿ ಕುರ್ಚಿ ಜೋಡಿಸಲು ಮೊದಲೇ ಹೋದಳು. ಮಾಸ್ಟ್ರು ಗೌನಿಗೆ ಇಸ್ತ್ರಿ ಹಾಕುತ್ತಾ ಸೊಂಟದ ಹತ್ತಿರ ಬಂದಾಗ ಇಸ್ತ್ರಿಪೆಟ್ಟಿಗೆ ಬೇಗನೆ ಆ ಕಡೆ ತಲುಪಿಬಿಟ್ಟಿತು. ಇದೇನಪ್ಪ ಎಂದು ಟೇಪು ಹಿಡಿದರು. ಮತ್ತೊಮ್ಮೆ ಹಿಡಿದರು. ಟೇಪು ತಿರುಗುಮುರುಗಾಗಿದೆಯೇ ಎಂದು ನೋಡಿದರು. ಬಿಚ್ಚೋಣ ಎಂದರೆ ಒಳಗೆ ಬಟ್ಟೆಯಿಲ್ಲ. ತುಂಡು ಸೇರಿಸೋಣ ಎಂದರೆ ಅಂಗಡಿಯ ಚಿಂದಿಯೆಲ್ಲ ಕಸದ ಗಾಡಿ ಹತ್ತಿ ಹೋಗಿತ್ತು, ಆ ನೀಲಿ ಬೇರೆಲ್ಲೂ ಸಿಗಲಿಲ್ಲ. ಇನ್ನುಳಿದದ್ದು ಒಂದೇ ದಾರಿ ಎಂದುಕೊಂಡು ಓಡೋಡಿ ವಾಚನಾಲಯಕ್ಕೆ ಹೋಗಿ, "ಇವಳೇ, ಇವತ್ತು ಮಧ್ಯಾಹ್ನ ಊಟ ಮಾಡಬೇಡ," ಎಂದರು.

"ಯಾಕೆ?"

"ಪಾತ್ರದಲ್ಲಿ... ಅವಳು ಅನ್ನನೀರು ಬಿಟ್ಟಿದ್ದಳಲ್ಲ."

ಹೆಂಡತಿಯ ಕಣ್ಣು ತುಂಬಿಬಂತು. "ಅದನ್ನೂ ಗಮನಿಸಿದ್ದೀರಾ?" ಎಂದಳು. ಮಾಸ್ಟ್ರಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು.

ಸಂಜೆ ಹಳೇ ಪತ್ರಿಕೆಗಳ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಗೌನು ತೊಡುವ ಪ್ರಯತ್ನ ಶುರುವಾಯಿತು. ಗೌನಿನ ಸೊಂಟ ತಲೆ ದಾಟಿತು. ಭುಜಕ್ಕೆ ಬಂದು ಕೂತಿತು. ಆಮೇಲೆ ಏನು ಮಾಡಿದರೂ ಜಪ್ಪಯ್ಯ ಅನ್ನಲಿಲ್ಲ.

"ರೀ," ಎಂದು ಗೌನಿನೊಳಗಿಂದ ದನಿ ಬಂತು, "ಇದು ಯಾರ ಅಳತೆ?"

ಮಾಸ್ಟ್ರು ನೆಲ ನೋಡುತ್ತಾ ಹೇಳಿದರು, "ಅವಳದು."

"ಯಾರವಳು?"

"ಅವಳೇ. ಪುಸ್ತಕದೋಳು. ತುಂಬಾ ಇಳಿದುಹೋಗಿದ್ದಳು ಕಣೇ."

ಹೊರಗೆ ಡಾಕ್ಟರಮ್ಮ ಬಾಗಿಲು ತಟ್ಟಿ, "ಆಯ್ತಾ? ಇಲ್ಲದಿದ್ರೆ ನನ್ನ ಬ್ಯಾಗು ಇಲ್ಲೇ ಇದೆ," ಎಂದರು. ಹೆಂಡತಿ ತಲೆ ಹೊರಗೆಳೆದುಕೊಂಡಳು. ಕೂದಲೆಲ್ಲ ಕೆದರಿ ಮುಖ ಕೆಂಪಾಗಿತ್ತು. ಕಣ್ಣಲ್ಲಿ ನೀರಿತ್ತು, ಅದು ಪಾತ್ರದ ನೀರಲ್ಲ ಎಂದು ಮಾಸ್ಟ್ರಿಗೆ ಗೊತ್ತಾಯಿತು. ಅವಳು ಕಣ್ಣೊರೆಸಿಕೊಂಡು ಗಂಡನನ್ನು ನೆತ್ತಿಯಿಂದ ಪಾದದವರೆಗೆ ನೋಡಿದಳು. ಅವರು ದಿನಾ ಗಿರಾಕಿಗಳನ್ನು ನೋಡುವ ನೋಟ ಅದು.

"ನೀವು ಹಾಕ್ಕೊಳ್ಳಿ."

"ನಾನಾ? ಮೀಸೆ ಇದೆಯಲ್ಲೇ."

"ಶಾಲು ಹೊದ್ಕೊಳ್ಳಿ. ಸಾಯೋರಿಗೆ ಚಳಿ ಇರುತ್ತೆ."

ಗೌನು ಕಡ್ಡಿಯಂತಿದ್ದ ಮಾಸ್ಟ್ರಿಗೆ ಕೈಗವಸಿನಂತೆ ಕೂತಿತು. ಇಂಥ ಅಚ್ಚುಕಟ್ಟು ಹೊಲಿಗೆ ಅವರ ಕೈಯಿಂದ ಯಾವತ್ತೂ ಬಂದಿರಲಿಲ್ಲ ಎಂಬುದೇ ಇನ್ನೂ ದುಃಖ. ಹೆಂಡತಿ ಮೊಳೆಗೆ ನೇತುಹಾಕಿದ್ದ ವಾಚನಾಲಯದ ಅಧ್ಯಕ್ಷರ ಕಪ್ಪು ಕೋಟನ್ನು ಎಳೆದು ತೊಟ್ಟುಕೊಂಡಳು. ಕಪ್ತಾನನ ಪಾತ್ರವನ್ನು ಯಾರೂ ಕೇಳಿರಲಿಲ್ಲ.

ಕೊನೇ ದೃಶ್ಯ ಹೀಗೆ: ಸಾಯುತ್ತಾ ಮಲಗಿರುವ ನಾಯಕಿಗೆ ಗಂಟಲು ಬಿದ್ದು ಮಾತು ನಿಂತಿದೆ. ಕಪ್ತಾನ ಬಂದು, ಟೋಪಿ ತೆಗೆದು, "ತಡವಾಯಿತು" ಎಂದು ಒಂದೇ ಮಾತು ಹೇಳುತ್ತಾನೆ. ಅಷ್ಟೇ, ಪುಸ್ತಕ ಮುಗಿಯಿತು. ಮಾಸ್ಟ್ರು ಬೆಂಚಿನ ಮೇಲೆ ಮಲಗಿ ಮೂಗಿನವರೆಗೆ ಶಾಲು ಎಳೆದುಕೊಂಡು, ಆ ಒಂದು ಮಾತು ಮುಗಿದರೆ ಸಾಕಪ್ಪ ಎಂದು ಕಾದರು.

"ತಡವಾಯಿತು," ಎಂದಳು ಹೆಂಡತಿ. ಸಭೆ ಚಪ್ಪಾಳೆಗೆ ಕೈಯೆತ್ತಿತು. "ಯಾಕೆ ತಡವಾಯಿತು ಅಂತ ಕೇಳೋದಿಲ್ಲವಾ ನೀನು?"

ಮಾಸ್ಟ್ರು ಶಾಲನ್ನು ಕಣ್ಣಿನವರೆಗೆ ಎಳೆದುಕೊಂಡರು. ಮದುವೆಯಾದಾಗಿನಿಂದ 'ನೀವು' ಅಂದವಳು ಮೊದಲ ಸಲ 'ನೀನು' ಅಂದಿದ್ದಳು, ಅದೂ ಮೈಕಿನಲ್ಲಿ.

"ಇಷ್ಟು ವರ್ಷದಲ್ಲಿ ನಿನ್ನ ಹತ್ತಿರ ಏನು ಕೇಳಿದ್ದೆ? ಒಂದೇ ಒಂದು ಕೇಳಿದ್ದೆ. ಕಾಣದೇ ಇರೋರಿಗಾಗಿ ಕಣ್ಣೀರು ಸುರಿಸ್ತೀಯಲ್ಲ, ಎದುರಿಗೆ ಓಡಾಡ್ತಿದ್ದ ನಾನು ಕಣ್ಣಿಗೆ ಬೀಳಲಿಲ್ಲವಾ? ಒಂದು ಸಲ ತಲೆಯೆತ್ತಿ ನೋಡಿದ್ದರೆ ಸಾಕಿತ್ತು. ನಾನು ಹೇಗಿದ್ದೀನಿ, ಎಷ್ಟಿದ್ದೀನಿ ಅಂತ ಗೊತ್ತಾಗ್ತಿತ್ತು. ಒದ್ದೆ ಟವಲನ್ನ ಹಾಸಿಗೆ ಮೇಲೆ ಎಸೀಬೇಡ ಅಂತ ಎಷ್ಟು ಸಲ ಹೇಳಿದೆ?"

ಮಾಸ್ಟ್ರು ಉತ್ತರ ಕೊಡಲು ಬಾಯಿ ತೆರೆದರು. ಗಂಟಲು ಬಿದ್ದವಳೆಂಬುದು ನೆನಪಾಗಿ ಮುಚ್ಚಿದರು. ಅವಳು ನಿಲ್ಲಿಸಲಿಲ್ಲ. ಹೇಳುತ್ತಾ ಹೇಳುತ್ತಾ ಅವಳ ದನಿ ಒಡೆಯಿತು, ಶಾಲಿನೊಳಗೆ ಮಾಸ್ಟ್ರೂ ನಿಜವಾಗಿ ಅತ್ತರು. ಕಡಲ್ಗಳ್ಳರು ಬಿಕ್ಕಿದರು. ಸಂನ್ಯಾಸಿಗೆ ಮೊದಲ ಸಲ ಮಾತು ಹೊರಡಲಿಲ್ಲ. ಅಧ್ಯಕ್ಷರು ಕಣ್ಣೊರೆಸಲು ಕರವಸ್ತ್ರ ಹುಡುಕಿ, ಅದು ಕಪ್ತಾನನ ಜೇಬಿನಲ್ಲಿದೆಯೆಂದು ತಿಳಿದು ಸುಮ್ಮನಾದರು. ಮೊದಲ ಬಹುಮಾನ ಕಪ್ತಾನನಿಗೇ ಬಂತು.

ಕೆಳಗಿಳಿದ ಮೇಲೆ ಡಾಕ್ಟರಮ್ಮ ನೇರವಾಗಿ ಮಾಸ್ಟ್ರ ಮುಂದೆ ಬಂದು ನಿಂತರು. ಮಾಸ್ಟ್ರು ಇನ್ನೂ ಗೌನಿನಲ್ಲೇ ಇದ್ದರು.

"ಕಪ್ತಾನ ಸಮುದ್ರದಲ್ಲಿದ್ದನಲ್ಲ, ಎದುರಿಗೆ ಓಡಾಡಿದ್ದು ಯಾವಾಗ? ಆ ಟವಲಿನ ಮಾತು ನಾನೆಲ್ಲೂ ಓದಿಲ್ಲ. ಮಾಸ್ಟ್ರೇ, ನೀವು ಪೂರ್ತಿ ಓದಿದ್ದೀರಂತೆ, ನೀವೇ ಹೇಳಿ, ಪುಸ್ತಕದಲ್ಲಿ ಅದು ಇದೆಯಾ?"

ಕೋಟು ಬಿಚ್ಚುತ್ತಿದ್ದ ಹೆಂಡತಿಯ ಕೈ ನಿಂತಿತು. ಬಹುಮಾನ ಈಗ ಮಾಸ್ಟ್ರ ನಾಲಗೆಯ ತುದಿಯಲ್ಲಿತ್ತು.

"ಇದೆ ಡಾಕ್ಟರೇ," ಎಂದರು ಮಾಸ್ಟ್ರು.

"ಯಾವ ಪುಟ?"

"ಪುಟ ನೆನಪಿಲ್ಲ. ನಮ್ಮನೇಲಿ ಅದನ್ನ ದಿನಾ ಬೆಳಿಗ್ಗೆ ಗಟ್ಟಿಯಾಗಿ ಓದ್ತಾರೆ."

ಹೆಂಡತಿ ಕೋಟನ್ನು ಮಡಚಿ ಅಧ್ಯಕ್ಷರ ಕೈಗಿಟ್ಟಳು. "ಓದೋದು ನಿಜ ಡಾಕ್ಟರೇ," ಎಂದಳು. "ಇವರು ಕೇಳಿಸಿಕೊಂಡಿದ್ದು ಮಾತ್ರ ಇವತ್ತೇ ಮೊದಲು."