ಟೈರಿಗೆ ಕಿವಿಗೊಡುವ ಮಾಮಾ

ನಾಗಪುರಕ್ಕೆ ಬಂದರೆ ನಮ್ಮ ಮಾಮಾನ ಕಣ್ಣಿಗೆ ಬೀಳುವ ಜಾಗದಲ್ಲಿ ಗಾಡಿ ನಿಲ್ಲಿಸಬೇಡಿ. ನಿಲ್ಲಿಸಿದಿರೋ, ಅದರ ಸಾವಿನ ಸುದ್ದಿಯನ್ನು ಮುಂಚಿತವಾಗಿಯೇ ಕೇಳಬೇಕಾದೀತು!

ಮಾಮಾ ಎಂದರೆ ನನ್ನ ತಾಯಿಯ ಅಣ್ಣ. ಧಾರವಾಡದ ಕಡೆಯವರು, ಇಲ್ಲಿನ ಕಾರ್ಖಾನೆಯೊಂದರಲ್ಲಿ ಲಾರಿಗಳ ಉಸ್ತುವಾರಿ ನೋಡಿ ನಿವೃತ್ತರಾದವರು. ಮನುಷ್ಯರ ಗುರುತು ಅವರಿಗೆ ಹತ್ತುವುದೇ ಇಲ್ಲ. ಟೈರು ಕಂಡರೆ ಮಾತ್ರ ಮಂಡಿಯೂರಿ, ಅಂಗೈಯಿಂದ ಸವರಿ, ಕಿವಿ ಹಚ್ಚಿ ಕಣ್ಣು ಮುಚ್ಚುತ್ತಾರೆ. ಧರಮಪೇಠದ ದಂತವೈದ್ಯರೊಬ್ಬರ ಸ್ಕೂಟರಿಗೆ ಹೀಗೆ ಕಿವಿಗೊಟ್ಟು, "ಡಾಕ್ಟರ್ ಸಾಹೇಬ್, ಶನಿವಾರ ತಕ್ ನಹೀ ಚಲೇಗಾ" ಎಂದಿದ್ದರು. ಶನಿವಾರದವರೆಗೂ ಓಡದು ಎಂಬ ಮಾತಿಗೆ ವೈದ್ಯರು ನಕ್ಕರು. ಶುಕ್ರವಾರ ಸ್ಕೂಟರನ್ನು ತಳ್ಳಿಕೊಂಡು ಬಂದರು. ಈಗ ಅವರು ಗಾಡಿ ನಿಲ್ಲಿಸುವುದು ಹಿಂದಿನ ಗಲ್ಲಿಯಲ್ಲಿ!

ಇಂಥವರನ್ನು ಕಳೆದ ಮಾರ್ಚಿನಲ್ಲಿ ವೇಗದ ಸ್ಪರ್ಧೆಯೊಂದರ ಟೈರು ತಪಾಸಣೆಗೆ ಕರೆದರು. ನಗರದ ಹೊರಗಿನ ಮೌದಾದ ಆಚೆ ಹೆದ್ದಾರಿಯ ಒಂದು ತುಂಡನ್ನು ಮುಚ್ಚಿಸಿ, ಒಂದೊಂದೇ ಕಾರು ಬಿಡುವ ಸ್ಪರ್ಧೆ. ಮಾಮಾನನ್ನು ಕರೆದೊಯ್ಯುವ ಕೆಲಸ ನನ್ನದು.

ವಾಹನಗಳಿಲ್ಲದ ಹೆದ್ದಾರಿಯನ್ನು ನೀವು ನೋಡಿದ್ದೀರಾ? ಹಾಡಹಗಲಲ್ಲೂ ಬೆನ್ನು ತಣ್ಣಗಾಗುತ್ತದೆ. ಒಂದು ಹಕ್ಕಿಯೂ ಕೂಗುತ್ತಿರಲಿಲ್ಲ. ದೂರದ ಚಿಮಣಿಗಳ ಹೊಗೆ ಕೂಡ ಕದಲದೆ ನಿಂತಂತಿತ್ತು.

ತಾಲೀಮಿನ ಓಟ ಮುಗಿಸಿ ಬಂದ ಕೆಂಪು ಕಾರಿನ ಹಿಂದಿನ ಚಕ್ರಕ್ಕೆ ಮಾಮಾ ಕಿವಿ ಹಚ್ಚಿದರು. ಮುಖ ಬಿಳಿಚಿತು.

"ಯೇ ಸಾಂಸ್ ಲೇ ರಹಾ ಹೈ."

ಟೈರು ಉಸಿರಾಡುತ್ತಿದೆಯಂತೆ! ನಗಬೇಕೆಂದುಕೊಂಡೆ, ಕೈಯ ರೋಮಗಳು ಆಗಲೇ ಎದ್ದು ನಿಂತಿದ್ದವು.

ಕಾರು ಓಡಿಸುವ ಹುಡುಗಿ ಹೆಲ್ಮೆಟ್ ತೆಗೆದು ನಕ್ಕಳು. "ಕಾಕಾ, ಏಕದಮ್ ನಯಾ ಹೈ!" ಹೊಸದೇ ಇರಬೇಕು, ಟೈರಿನ ಗೆರೆಗಳು ನಿಜಕ್ಕೂ ಸವೆದಿರಲಿಲ್ಲ.

"ನಹೀ ಜಾಯೇಗಾ, ಬೇಟಿ," ಎಂದು ಮಾಮಾ ಕಾರಿನ ಮುಂದೆ ಕೂತೇಬಿಟ್ಟರು. ಆಯೋಜಕರು ಬಂದು ಬೇಡಿಕೊಂಡರು. ಕದಲಲಿಲ್ಲ. ಕೊನೆಗೆ ಹುಡುಗಿ ಸಿಡುಕುತ್ತಲೇ ಬೇರೆ ಚಕ್ರ ಹಾಕಿಸಿಕೊಂಡಳು. ಬಿಚ್ಚಿದ್ದನ್ನು ಮಾಮಾ ತಾವೇ ಉರುಳಿಸಿ ದೂರದ ಬಿಸಿಲಿನಲ್ಲಿ ಕಲ್ಲಿಗೆ ಒರಗಿಸಿ, ಯಾರೂ ಹತ್ತಿರ ಹೋಗದಂತೆ ಕಾವಲು ನಿಂತರು. ಹೆಣ ಕಾಯುವವರ ಹಾಗೆ!

ಹುಡುಗಿ ಸ್ಪರ್ಧೆಯ ಓಟ ಮುಗಿಸಿ ಇಳಿದಳು, ಅಷ್ಟೆ. ಯಾರೂ ಮುಟ್ಟದ ಆ ಚಕ್ರ ತನ್ನಷ್ಟಕ್ಕೇ ಢಮಾರೆಂದು ಸಿಡಿಯಿತು. ಮೇಲಿನ ರಬ್ಬರು ಚರ್ಮ ಸುಲಿದಂತೆ ಕಿತ್ತು ಬಂದಿತ್ತು. ಹುಡುಗಿ ಓಡಿ ಬಂದು ಮಾಮಾನ ಕೈ ಹಿಡಿದುಕೊಂಡಳು.

ವಾಪಸು ಕಾರು ಓಡಿಸಿಕೊಂಡು ಬರುವಾಗ ಕೇಳಿದೆ: "ಖರೇ ಹೇಳ್ರಿ ಮಾಮಾ, ಏನ್ ಕೇಳಿಸ್ತು?"

"ಏನೂ ಇಲ್ಲವ್ವಾ. ಟೈರಿನ ಬಾಜೂಕ ನಾಕ ಅಂಕಿ ಒತ್ತಿರ್ತಾರ, ಎಷ್ಟನೇ ವಾರ, ಯಾವ ವರ್ಷ ಮಾಡ್ಯಾರಂತ. ಅದು ಹನ್ನೊಂದ ವರ್ಷದ್ದು. ಓಡಲಿಲ್ಲಂದ್ರೂ ರಬ್ಬರಿಗೆ ಮುಪ್ಪು ಬರ್ತೈತಿ. ಕೈ ಆಡಿಸಿದ್ರ ಒಂದ್ ಕಡೆ ಉಬ್ಬಿತ್ತು."

"ಮತ್ತ ಕಿವಿ ಹಚ್ಚೂದು?"

"ತಾರೀಖ ಹೇಳಿದ್ರ ಮಂದಿ ನಗ್ತಾರ. ಅಂಜಿದ್ರ ಕೇಳ್ತಾರ."

ನಾನು ಗಹಗಹಿಸಿ ನಕ್ಕೆ. ಅವರು ನಗಲಿಲ್ಲ. ಕಿಟಕಿಯಾಚೆ ನೋಡುತ್ತ ಹೇಳಿದರು:

"ನನ್ನ ಜೋಡಿ ಕೆಲಸಾ ಮಾಡಾವ ಒಬ್ಬ ದೋಸ್ತ ಇದ್ದ. ಅವಗ ಬರೇ ತಾರೀಖ ಹೇಳಿದ್ದೆ. ನಕ್ಕೋತ ಗಾಡಿ ಹತ್ತಿ ಹ್ವಾದ. ತಿರುಗಿ ಬರಲಿಲ್ಲ."

ಗೇರಿನ ಮೇಲಿದ್ದ ನನ್ನ ಕೈಯ ಮೇಲೆ ಅವರ ಒರಟು ಅಂಗೈ ಬಂದು ಕೂತಿತು.

"ಸಾವಕಾಶ ಹೊಡಿ, ನಮ್ಮವ್ವ."