ಏಳನೇ ಮನೆಯಲ್ಲಿ ಲಿನಕ್ಸ್

ಮೂಗಿನ ಮುಂದಿರುವ ವಸ್ತು ಯಂತ್ರಕ್ಕೆ ಕಾಣದಿದ್ದರೆ ತಪ್ಪು ಯಾರದು? ವೇಮಗಲ್‌ನ ನಮ್ಮ ಮನೆಯಲ್ಲಿ ಇದಕ್ಕೆ ಒಂದೇ ಉತ್ತರ: ಸಹನಳದು. (ಸಹನ ಅಂದರೆ ನಾನು.)

ನಾನು ಪಿಯುಸಿ ನಡುವಿನಲ್ಲೇ ಬಿಟ್ಟವಳು. ಓದು ಕಷ್ಟವಾಗಿ ಅಲ್ಲ. ಹೆಸರು ಕೂಗಿದಾಗ ಎಲ್ಲರೆದುರು ಎದ್ದು ‘ಪ್ರೆಸೆಂಟ್ ಮಿಸ್’ ಅನ್ನುವುದರೊಳಗೆ ಬೆವೆತು ಹೋಗುತ್ತಿದ್ದೆ. ಕಿಟಕಿಯ ಹಿಂದೆ ಕುಳಿತು ಮಾಡುವ ಕೆಲಸ ಸಿಕ್ಕರೆ ಸಾಕಿತ್ತು. ಹಾಗಾಗಿ ನಂದೀಶ್ ಮಾವ ತಮ್ಮ ಹಳೆಯ ಕಂಪ್ಯೂಟರನ್ನೂ, ಪ್ರಿಂಟರು ಸ್ಕ್ಯಾನರು ಎರಡೂ ಸೇರಿದ ಒಂದು ಡಬ್ಬವನ್ನೂ ಕೊಟ್ಟಾಗ, ರಸ್ತೆ ಕಡೆಯ ಕಿಟಕಿಯಲ್ಲಿ ಜೆರಾಕ್ಸ್ ಅಂಗಡಿ ಇಡುವ ಮಹಾಯೋಜನೆ ಹೊಳೆಯಿತು. ಕಂಪ್ಯೂಟರಿಗೆ ವಯಸ್ಸಾಗಿತ್ತು. ಪುಕ್ಕಟೆಯಾಗಿ ಸಿಗುವ, ಮುದಿ ಯಂತ್ರವನ್ನೂ ಎಬ್ಬಿಸಿ ಕೂರಿಸುವ ಲಿನಕ್ಸ್ ಎಂಬ ತಂತ್ರಾಂಶ ಹಾಕಿದೆ.

“ಪುಕ್ಕಟೆ ಸಿಕ್ಕಿದ ಎಮ್ಮೆ ಒದೀದೆ ಇರುತ್ತಾ?” ಅಂದರು ಅಪ್ಪ. ಅವರು ನರಸಾಪುರದ ಕಂಪನಿ ಬಸ್ಸಿನ ಡ್ರೈವರ್. “ಭಾನುವಾರ ಮುಳಬಾಗಿಲಿಂದ ನಿಮ್ಮಕ್ಕನ್ನ ನೋಡೋಕೆ ಬರ್ತಾರೆ. ಹುಡುಗನ ತಾತ ಜಾತಕನ ಫೋನಲ್ಲಿ ನೋಡಲ್ವಂತೆ, ಕಾಗದಾನೇ ಬೇಕಂತೆ. ನಿನ್ನ ಡಬ್ಬದಲ್ಲಿ ಪ್ರತಿ ತೆಗೆದುಕೊಡು. ಬಂತಾ, ಅಂಗಡಿ ಇಡು. ಬರಲಿಲ್ವಾ, ಸೋಮವಾರದಿಂದ ಕಾಲೇಜು.”

ರಾಧಾಕ್ಕನ ಮದುವೆ, ನನ್ನ ಕಿಟಕಿ, ಎರಡೂ ಸ್ಕ್ಯಾನರಿನ ಒಂದೇ ಗಾಜಿನ ಮೇಲೆ ಬಂದು ಕುಳಿತವು. ಆ ಗಾಜನ್ನು ಒರೆಸಿ, ಜಾತಕವನ್ನು ಕೂದಲೆಳೆಯಷ್ಟೂ ಓರೆಯಾಗದಂತೆ ಬೋರಲಾಗಿ ಇಟ್ಟು, ಮುಚ್ಚಳ ಮುಚ್ಚಿ, ‘ಯಾರೂ ಮುಟ್ಟಕೂಡದು’ ಎಂದು ಸಾರಿದೆ. ನಾನೂ ಮತ್ತೆ ತೆರೆಯಲಿಲ್ಲ. ಎಚ್ಚರಿಕೆ ಅಂದರೆ ಅಷ್ಟು ಎಚ್ಚರಿಕೆ!

ಪ್ರಿಂಟು ಚೆನ್ನಾಗಿಯೇ ಬಂತು. ಸ್ಕ್ಯಾನ್ ಒತ್ತಿದರೆ ಮಾತ್ರ ‘ಯಾವ ಸ್ಕ್ಯಾನರೂ ಸಿಗಲಿಲ್ಲ’ ಎಂಬ ಉತ್ತರ.

“ಸಿಗಲಿಲ್ಲ ಅಂತೈತಾ?” ಅಜ್ಜಿ ಚಿಕ್ಕವೆಂಕಟಮ್ಮ ದಂಗಾದರು. “ಪಕ್ಕದಾಗೇ ಕುಂತೈತಲ್ಲೇ! ಕಣ್ಣು ಮಂಜಾಗಿರೋ ನಂಗೇ ಕಾಣ್ತೈತೆ!”

“ಸ್ಕ್ಯಾನ್ ಮಾಡೋಕೆ ಡ್ರೈವರ್ ಅನ್ನೋ ಪ್ರೋಗ್ರಾಮು ಬೇರೆ ಬೇಕು ಅಜ್ಜಿ. ಪ್ರಿಂಟಿಂದೇ ಬೇರೆ.”

“ಒಂದು ಡಬ್ಬಕ್ಕೆ ಇಬ್ಬರು ಡ್ರೈವರಾ?” ಅಡುಗೆಮನೆಯಿಂದ ಅಮ್ಮನ ದನಿ. “ನಿಮ್ಮಪ್ಪ ಒಬ್ರೇ ಇಡೀ ಬಸ್ ಓಡಿಸ್ತಾರಲ್ಲೇ!”

ವಾರವಿಡೀ ಯಾವ ಯಾವುದೋ ದೇಶದವರು ಬರೆದಿಟ್ಟ ಉಪದೇಶಗಳನ್ನು ಹುಡುಕಿ, ಕಪ್ಪು ಪರದೆಯ ಮೇಲೆ ಒಂದು ಚುಕ್ಕೆಯೂ ತಪ್ಪದಂತೆ ಟೈಪು ಮಾಡಿದೆ. ಭಾನುವಾರ ಬೆಳಿಗ್ಗೆ ಡಬ್ಬದೊಳಗೆ ದೀಪ ಹರಿದಾಡಿತು. ಸಿಕ್ಕಿತು! ಪರದೆಯ ಮೇಲೆ ಜಾತಕ ಮೂಡಿತು, ಅದರ ಒಂದು ಮನೆಯೊಳಗೆ ಕೆಂಪು ಮಚ್ಚೆಯೂ!

ಇದು ಲಿನಕ್ಸಿನ ಬಣ್ಣದ ಗಡಿಬಿಡಿಯೇ ಸರಿ ಎಂದುಕೊಂಡು ಡ್ರೈವರ್ ತೆಗೆದು ಮತ್ತೆ ಹಾಕಿದೆ. ಮಚ್ಚೆ ಅಲುಗಲಿಲ್ಲ. ಅಷ್ಟರಲ್ಲಿ ಬಾಗಿಲಲ್ಲಿ ಕಾರು ನಿಂತ ಸದ್ದು. ಪ್ರಿಂಟರಿನಿಂದ ಬಂದ ಹಾಳೆಯನ್ನು ಅಮ್ಮ ಕಿತ್ತುಕೊಂಡು ನಡುಮನೆಗೆ ಓಡಿದರು.

ಹುಡುಗನ ತಾತ ಅಪ್ಪಾಜಪ್ಪನವರು ಕನ್ನಡಕ ಏರಿಸಿ ಹಾಳೆ ನೋಡಿದರು. “ಇದೇಮಿ?” ಎಂದು ತೆಲುಗಿನಲ್ಲೇ ಬೆಚ್ಚಿದರು. “ಏಳನೇ ಮನೆ, ಮದುವೆ ನೋಡೋ ಮನೆ. ಅಲ್ಲಿ ಕೆಂಪಗೆ ಕುಂತಿರೋನು ಯಾರು? ಕುಜನಾ? ನಮಗೆ ಹೇಳಲೇ ಇಲ್ವಲ್ಲ!”

ಅಕ್ಕ ಕೈಯಲ್ಲಿದ್ದ ಕಾಫಿ ತಟ್ಟೆಯೊಂದಿಗೆ ಕಲ್ಲಾದಳು. ಅಪ್ಪ ನನ್ನ ಕಡೆ ತಿರುಗಿದರು. ಎಲ್ಲರೂ ತಿರುಗಿದರು. ಹಾಜರಿ ಕೂಗಿದಂತಾಯಿತು. ಎದ್ದು ನಿಂತೆ.

“ಅದು… ಕುಜ ಅಲ್ಲ ತಾತ. ಲಿನಕ್ಸ್.”

“ಲಿನಕ್ಸಾ? ಅದ್ಯಾವ ಗ್ರಹಾನಮ್ಮ?”

ಇನ್ನು ಮೂಲ ಜಾತಕವೇ ಸಾಕ್ಷಿ ಹೇಳಬೇಕು. ಡಬ್ಬವನ್ನೇ ನಡುಮನೆಗೆ ಹೊತ್ತು ತಂದು, ಎಲ್ಲರೆದುರು ಮುಚ್ಚಳ ಎತ್ತಿ, ಜಾತಕ ತೆಗೆದೆ. ಗಾಜಿನ ಮೇಲೆ ದುಂಡಗೆ ಕುಂಕುಮದ ಬೊಟ್ಟು! ಮೂಲ ಜಾತಕದ ಏಳನೇ ಮನೆಗೂ ಅದು ಮೆತ್ತಿಕೊಂಡಿತ್ತು.

“ನಾನೇ ಇಟ್ಟಿದ್ದು,” ಅಜ್ಜಿ ಹೆಮ್ಮೆಯಿಂದ ಹೇಳಿದರು. “ದೃಷ್ಟಿಯಾಗೈತೆ ಅಂತ. ಮ್ಯಾಲೆ ಇಟ್ರೆ ಇವಳು ಒರೆಸಿಬಿಡ್ತಾಳೆ. ಅದ್ಕೇ ಕಾಗದ ಎತ್ತಿ ಒಳಗಿಟ್ಟೆ. ಇಟ್ಟ ಮ್ಯಾಲೆ ತಾನೇ ಓಡಿದ್ದು?”

ಅಪ್ಪಾಜಪ್ಪನವರು ಜಾತಕವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು. “ಮದುವೆ ಮನೆಗೇ ಬಂದು ಕುಂಕುಮ ಬಿದ್ದೈತೆ! ಇನ್ನೇನು ನೋಡೋದೈತೆ? ತಟ್ಟೆ ಇಡಮ್ಮ, ಕಾಫಿ ಕೊಡು.”

ಅಕ್ಕನ ಮದುವೆ ಗೊತ್ತಾಯಿತು. ನನ್ನ ಕಿಟಕಿಯೂ ತೆರೆಯಿತು. ಗಾಜನ್ನು ಲಕಲಕ ಹೊಳೆಯುವಂತೆ ಒರೆಸಿ ಕುಳಿತೆ. ಮೊದಲ ಗಿರಾಕಿ ಅಂಜಮ್ಮನವರು ಮಗನ ಜಾತಕ ತಂದಿದ್ದರು. ಕನ್ನಡಿಯಂಥ ಪ್ರತಿ ತೆಗೆದುಕೊಟ್ಟೆ.

ಅವರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಮುಖ ಸಣ್ಣದು ಮಾಡಿಕೊಂಡರು. “ಇದ್ರಾಗೆ ಕುಂಕುಮ ಬಿದ್ದೇ ಇಲ್ಲವಲ್ಲಮ್ಮ. ನೀನು ಬ್ಯಾಡ, ನಿಮ್ಮಜ್ಜೀನ ಕರಿ.”

ಈಗ ಕಿಟಕಿಯ ಹಿಂದೆ ಕುಂಕುಮದ ಬಟ್ಟಲು ಹಿಡಿದು ಅಜ್ಜಿ ಕೂರುತ್ತಾರೆ. ಅಪ್ಪ ಮೊನ್ನೆ ಬಸ್ಸಿಗೆ ಹೊರಡುವಾಗ ನನ್ನ ಬೆನ್ನು ತಟ್ಟಿದರು: “ಕಾಲೇಜು ಬಿಡು ಪಾಪ. ನಿಮ್ಮಜ್ಜಿ ಹತ್ರಾನೇ ಸ್ಕ್ಯಾನಿಂಗ್ ಕಲ್ತ್ಕೋ.”