ಎರಡು ಬೆರಳಿನ ಸಂದು

ನಮ್ಮ ಸೋದರಮಾವನ ಕೈ ಕುಲುಕುವವರಿಗೆ ಮೊದಲೇ ಒಂದು ಎಚ್ಚರಿಕೆ ಕೊಡಬೇಕಿತ್ತು. ಅವರು ನಿಮ್ಮ ಮುಖ ನೋಡುತ್ತಿರಲಿಲ್ಲ, ಬೆರಳಿನ ದಪ್ಪ ನೋಡುತ್ತಿದ್ದರು! ಬೆರಳು ಹಿಡಿಸಿತೋ, ನಿಮ್ಮ ಕತೆ ಮುಗಿಯಿತು. ಪಾಂಡವಪುರದ ಅವರ ಅಕ್ಕಿ ಗಿರಣಿಗೆ ಭತ್ತ ತಂದವರನ್ನೆಲ್ಲ ಕಾರಿನ ಪಕ್ಕ ಕುಕ್ಕರುಗಾಲಿನಲ್ಲಿ ಕೂರಿಸಿ, ತಾವು ಒಳಗೆ ಸ್ಟೇರಿಂಗ್ ಹಿಡಿದು ಕೂತು, ಟೈರಿಗೂ ಮಡ್‌ಗಾರ್ಡಿಗೂ ನಡುವಿನ ಸಂದಿಗೆ ಕೈ ಹಾಕಿಸುತ್ತಿದ್ದರು. "ಎಷ್ಟ್ ಬೆರಳೈತೆ? ಸರ್ಯಾಗ್ ನೋಡ್ ಯೋಳು." ಆಮೇಲೆ ತಾವೇ ಕಾಯಿಸಿದ, ಪಾಯಸದಷ್ಟು ಸಿಹಿಯ ಕಾಫಿ. ಕುಡಿದು ಎದ್ದರೆ, "ಕೂತ್ಕಳಯ್ಯ, ಹಿಂದಿನ್ ಚಕ್ರ ಬಾಕಿ ಐತೆ!"

ತೊಂಬತ್ತರ ದಶಕದ ಆ ದಿನಗಳಲ್ಲಿ ಟ್ರಾಕ್ಟರು, ಕಬ್ಬಿನ ಗಾಡಿಗಳ ನಡುವೆ ಸ್ಪೋರ್ಟ್ಸ್ ಕಾರು ಇಟ್ಟುಕೊಂಡಿದ್ದವರು ಊರಿಗೆ ಅವರೊಬ್ಬರೇ. ಮೈಸೂರಿನ ಯಾರದೋ ಶೆಡ್ಡಿನಲ್ಲಿ ಕೋಳಿಗಳು ಮಲಗುತ್ತಿದ್ದ ಹಳೇ ವಿದೇಶಿ ಗಾಡಿ. ಎರಡೇ ಬಾಗಿಲು, ಎರಡೇ ಸೀಟು. ಅದು ಮನೆಗೆ ಬಂದ ದಿನ ಅತ್ತೆ ಒಂದು ಪ್ರದಕ್ಷಿಣೆ ಹಾಕಿ, "ಎರಡೇ ಸೀಟಾ? ಒಳ್ಳೇದಾಯ್ತು ಬುಡಿ, ನೆಂಟ್ರ ಕಾಟ ತಪ್ತು!" ಅಂದಿದ್ದರು. ನೆಂಟನಾದ ನಾನು ಅಲ್ಲೇ ನಿಂತಿದ್ದೆ!

ಮರುವರ್ಷವೇ ಅತ್ತೆ ಜ್ವರದಲ್ಲಿ ತೀರಿಕೊಂಡರು. ಮಕ್ಕಳಿರಲಿಲ್ಲ. ನಾಗಮಂಗಲದಲ್ಲಿ ಮೇಷ್ಟ್ರಾಗಿದ್ದ ನಾನು ಭಾನುವಾರ ಬಂದು ಹೋಗುತ್ತಿದ್ದೆ. ಮಾವನಿಗೆ ಕಾರಿನ ಹುಚ್ಚು ನೆತ್ತಿಗೇರಿದ್ದು ಆಮೇಲೆ.

ಮೊದಲು ಬೆಂಗಳೂರಿನಿಂದ ಮಿರಮಿರ ಮಿಂಚುವ ಅಗಲದ ಅಲಾಯ್ ಚಕ್ರಗಳು ಬಂದವು. ಹಾಕಿ ನೋಡಿದರೆ ಕಾರು ಪಂಚೆ ಎತ್ತಿ ಕಟ್ಟಿ ನಾಲೆ ದಾಟುವವನ ಹಾಗೆ ನಿಂತಿತು. "ಗಾಡಿ ತಗ್ಗುಸ್ಬೇಕು, ಇಳಿಸ್ಬೇಕು ಕಣ್ಲಾ," ಅಂದರು ಮಾವ. "ಎರಡು ಬೆರಳು ಸಂದು. ಅದ್ಕಿಂತ ಒಂದ್ ಕೂದಲೆಳೆ ಜಾಸ್ತಿ ಇರ್ಕೂಡ್ದು."

ಗಂಜಾಂ ರಸ್ತೆಯ ಗ್ಯಾರೇಜಿನ ಬಷೀರ್ ಮೇಸ್ತ್ರಿ ಗೋಣಿಚೀಲದ ಮೇಲೆ ಎರಡು ಜೊತೆ ಗಿಡ್ಡ ಸ್ಪ್ರಿಂಗು ಇಟ್ಟರು. "ನೋಡಿ ಸಾಹೇಬ್ರೆ, ಇದು ಮೆತ್ತಗೆ. ಹಳ್ಳ ಬಂದ್ರೆ ಚಕ್ರ ಹೋಗಿ ಮಡ್‌ಗಾರ್ಡ್‌ಗೆ ಉಜ್ತದೆ. ಇದು ಗಟ್ಟಿ. ಉಜ್ಜಲ್ಲ, ಆದ್ರೆ ಬೆನ್ನು ಖತಂ."

"ಬೆನ್ನು ಹಳೇದು, ಚಕ್ರ ಹೊಸಾದು. ಗಟ್ಟೀದೇ ಹಾಕು!"

ಮೇಸ್ತ್ರಿ ಎರಡು ಬೆರಳಿಗೆ ಸರಿಯಾಗಿ ಇಳಿಸಿದರು, ಆದರೆ ತಮ್ಮ ಬೆರಳಿಗೆ! ಒಂದೊಂದೂ ಬಾಳೆಹಣ್ಣಿನಷ್ಟಿತ್ತು. ಮಾವ ಬೆರಳಿಟ್ಟರೆ ಇನ್ನೂ ಒಂದಕ್ಕೆ ಜಾಗ. ಸ್ಕೇಲಿನಲ್ಲಿ ಅಳೆಯಬಾರದೇ ಅಂದೆ. ಇಬ್ಬರೂ ಒಟ್ಟಿಗೆ ನನ್ನ ಕಡೆ ಕನಿಕರದಿಂದ ನೋಡಿದರು. "ಸ್ಕೇಲು ಇಸ್ಕೂಲ್‌ಗೆ ಮೇಷ್ಟ್ರೇ," ಅಂದರು ಮೇಸ್ತ್ರಿ.

ಮಾವನ ಬೆರಳಿಗೆ ತಕ್ಕಂತೆ ಇಳಿಸಿದ ಮೇಲೆ ಕೆ.ಆರ್. ಪೇಟೆ ಕಡೆ ಹೊರಟೆವು. ಅಕ್ಕಿಹೆಬ್ಬಾಳಿನ ಹತ್ತಿರ ರಸ್ತೆಯ ತುಂಬ ಹುರುಳಿ ಹರಡಿದ್ದರು. ನಮ್ಮ ಕಡೆ ಸುಗ್ಗಿಯಲ್ಲಿ ಟಾರು ರಸ್ತೆಯೇ ಕಣ, ಬಸ್ಸು ಲಾರಿಗಳೇ ಪುಕ್ಕಟೆ ಎತ್ತು ತಾನೆ? ಬಸ್ಸು ತುಳಿದುಕೊಂಡು ಹೋಯಿತು. ನಮ್ಮ ಕಾರು ಮಾತ್ರ ಹೊಟ್ಟೆ ಕೊಟ್ಟು ಮಲಗಿಬಿಟ್ಟಿತು. ಅಡಿಯಲ್ಲೆಲ್ಲ ಹುರುಳಿ ಬಳ್ಳಿ! ಹುರುಳಿಯ ಒಡತಿ ಸೊಂಟದ ಮೇಲೆ ಕೈ ಇಟ್ಟು, "ತುಳಿಲಿ ಅಂತ ಹಾಕಿದ್ರೆ ನಿನ್ ಕಾರು ಮೇಯ್ತಾ ಕುಂತದಲ್ಲಪ್ಪೋ!" ಅಂದಳು.

ಇಷ್ಟಾದರೂ ಮಾವನ ದೂರು ಬೇರೆಯೇ. ಕಾರು ವಾಲುತ್ತದೆಯಂತೆ! ತಾವು ಕೂತಾಗ ಬಲಗಡೆ ಎರಡು ಬೆರಳು, ಎಡಗಡೆ ಮೂರು. ಊರವರ ಬೆರಳೆಲ್ಲ ಅದನ್ನೇ ಹೇಳಿದವು. ಸ್ಪ್ರಿಂಗು ಬದಲಾಯಿತು, ಮತ್ತೆ ಬದಲಾಯಿತು. ನಾಲ್ಕನೆಯ ಸಲ ಮೇಸ್ತ್ರಿ ಸ್ಪ್ಯಾನರು ಕೆಳಗಿಟ್ಟರು.

"ಸಾಹೇಬ್ರೆ, ಸ್ಪ್ರಿಂಗ್‌ದು ಕಸೂರ್ ಇಲ್ಲ. ನೀವು ಭಾರಿ ಆಸಾಮಿ. ದಿನಾ ಒಬ್ರೇ ಕೂರ್ತೀರಿ, ನಿಮ್ ಕಡೆ ಇಳೀತದೆ. ಖಾಲಿ ಸೀಟ್‌ಗೆ ನಾನು ಯಾವ್ ಸ್ಪ್ರಿಂಗ್ ಹಾಕ್ಲಿ?"

ಮಾವ ಸ್ಟೇರಿಂಗ್ ಹಿಡಿದೇ ಕೂತಿದ್ದರು. ನಾನು ಸುಮ್ಮನೆ ಹೋಗಿ ಎಡಗಡೆ ಕೂತೆ. ಮೇಸ್ತ್ರಿ ಎರಡೂ ಕಡೆ ಬೆರಳಿಟ್ಟು, "ಬರಾಬರ್!" ಎಂದು ಕೂಗಿದರು.

ಪಾಂಡವಪುರದ ಬಸ್ ಸ್ಟ್ಯಾಂಡಿನವರೆಗೂ ಮಾವ ಆಡಿದ್ದು ಒಂದೇ ಮಾತು. "ನಿಮ್ಮತ್ತೆ ಇದ್ದಾಗ ವಾಲ್ತಿರ್ನಿಲ್ಲ ಕಣ್ಲಾ. ನಾನು ಕಾರ್ದೇ ಏನೋ ದೋಸ ಅನ್ಕಂಡಿದ್ದೆ."

ನಾಗಮಂಗಲದ ಬಸ್ಸು ಆಗಲೇ ನಿಂತಿತ್ತು. ನಾನು ಇಳಿದೆ. ಮಾವ ಸ್ಟೇರಿಂಗ್ ಬಿಡದೆ, ನನ್ನ ಕಡೆ ನೋಡದೆ ಕೇಳಿದರು. "ಈಗೆಷ್ಟೈತೆ ನೋಡು."

ಎಡಗಡೆ ಚಕ್ರದ ಪಕ್ಕ ಕುಕ್ಕರುಗಾಲಿನಲ್ಲಿ ಕೂತೆ. ಮೂರು ಬೆರಳು ಸಲೀಸಾಗಿ ಒಳಗೆ ಹೋದವು. ಇಷ್ಟು ವರ್ಷ ಈ ಮನುಷ್ಯನನ್ನು ನೋಡಿ ನಕ್ಕಿದ್ದೆನಲ್ಲ!

"ಎರಡೇ ಮಾವ," ಅಂದೆ.

"ಸುಳ್ಳಾಡ್ಬ್ಯಾಡ."

ಕಂಡಕ್ಟರು ಸೀಟಿ ಊದಿದ. ಬಸ್ಸು ಹೋಗಲಿ ಬಿಟ್ಟೆ. ಬಾಗಿಲು ತೆಗೆದು ಮತ್ತೆ ಒಳಗೆ ಕೂತು, "ಈಗ ಎರಡೇ," ಅಂದೆ.

ಮಾವ ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡು, "ನೆಂಟ್ರ ಕಾಟ ತಪ್ನಿಲ್ಲ ನೋಡು," ಅಂದರು.